46 ಬಾಕ್ಸು 64 ಆಗೋಯ್ತು, ಇದು ಮುಟ್ಟು ನಿಲ್ಲೋ ಟೈಮಿಂದಾನಾ?

ಮಂಡಿ ಅಕ್ಕ:
ನಂಗೆ 47, ಕೋಲಾರ ಟೊಮೆಟೊ ಮಂಡೀಲಿ ಲೆಕ್ಕ ಬರೀತೀನಿ. ಹರಾಜು ರೇಟು, ಬಾಕ್ಸು, ಕಮಿಷನ್ ಎಲ್ಲಾ ಬಾಯಲ್ಲೇ ಹೇಳ್ತಿದ್ದೆ. ಈಗೊಂದು ವರ್ಷದಿಂದ ಮುಟ್ಟು ಎರಡ್ಮೂರು ತಿಂಗ್ಳಿಗೊಂದ್ಸಲ, ರಾತ್ರಿ ಮೈಯೆಲ್ಲಾ ಕಾವು, ನಿದ್ದೆ ಇಲ್ಲ, ಬೆಳಿಗ್ಗೆ ಮಂಡಿಗೋದ್ರೆ ದಿನಾ ಬರೋ ರೈತನ ಹೆಸರೇ ನಾಲಿಗೆಗೆ ಬರಲ್ಲ. ಮೊನ್ನೆ 46 ಬಾಕ್ಸನ್ನ 64 ಅಂತ ಬರ್ದು ಬೈಸ್ಕೊಂಡೆ. ನಮ್ಮನೆಯವ್ರು ಹೆಂಗಸ್ರ ತಲೆ ಇಷ್ಟೇ ಅಂತಾರೆ, ತಾವು ದಿನಾ ಗಾಡಿ ಕೀ ಹುಡುಕೋದು ಮಾತ್ರ ಲೆಕ್ಕಕ್ಕಿಲ್ಲ. ಹಾರ್ಮೋನಿಗೂ ತಲೆಗೂ ನಿಜ್ವಾಗ್ಲೂ ಸಂಬಂಧ ಐತಾ?

ಮಾಲೂರು ಸಿಸ್ಟರ್:
ಐತೆ ಅಕ್ಕ. ಈಸ್ಟ್ರೋಜನ್ ಅನ್ನೋ ಹೆಂಗಸ್ರ ಹಾರ್ಮೋನು ಬರೀ ಗರ್ಭಕೋಶದ್ದಲ್ಲ, ನೆನಪಿಗೆ ಬೇಕಾದ ಹಿಪ್ಪೋಕ್ಯಾಂಪಸ್ ಅಂತ ಮೆದುಳಿನ ಭಾಗದಲ್ಲೂ ಅದನ್ನ ಹಿಡಿಯೋ ರಿಸೆಪ್ಟರ್ ಇದಾವೆ. ಮುಟ್ಟು ನಿಲ್ಲೋಕ್ ಮುಂಚೆ ಅದು ನೆಟ್ಟಗೆ ಇಳಿಯಲ್ಲ, ಏರುತ್ತೆ ಇಳಿಯುತ್ತೆ, ಮೇಲೆ ನಿದ್ದೆ ಬೇರೆ ಕೆಟ್ಟಿರುತ್ತೆ. ನಡುವಯಸ್ಸಿನ ಹೆಂಗಸ್ರನ್ನ ವರ್ಷಗಟ್ಟಲೆ ಗಮನಿಸಿದ ಅಮೆರಿಕದ ಸ್ವಾನ್ ಅನ್ನೋ ಸ್ಟಡೀಲಿ ಈ ಟೈಮಲ್ಲಿ ಕಲಿಯೋದು ಸ್ವಲ್ಪ ಕುಂಟಿ, ಮುಟ್ಟು ನಿಂತ್ಮೇಲೆ ಮತ್ತೆ ಚೇತರಿಸಿಕೊಂಡಿದ್ದು ಕಂಡಿದೆ. ಆದ್ರೂ ಎಲ್ಲಾ ಇದ್ರ ತಲೆಗೇ ಕಟ್ಬೇಡಿ, ಥೈರಾಯ್ಡು, ಬಿ12, ಹಿಮೋಗ್ಲೋಬಿನ್ ಒಂದ್ಸಲ ಟೆಸ್ಟ್ ಮಾಡ್ಸಿ.

ಬಂಗಾರಪೇಟೆ ಹುಡುಗ:
ಗಂಡಸ್ರಿಗೆ ಟೆಸ್ಟೋಸ್ಟಿರಾನ್ ಅನ್ನೋ ಹಾರ್ಮೋನ್ ಇರೋದ್ಕೆ ಲೆಕ್ಕ ಚೆನ್ನಾಗ್ ಬರುತ್ತೆ ಅಂತಾರಲ್ಲ? ನಮ್ಮಪ್ಪಂಗೆ 68, ಮರೆವು, ಅದರ ಜೆಲ್ ಹಚ್ಚಿದ್ರೆ ಸರಿ ಹೋಗುತ್ತಂತೆ, ಹೌದಾ?

ಬಯಾಲಜಿ ಮೇಷ್ಟ್ರು:
ಲೆಕ್ಕ ಅಲ್ಲಪ್ಪ ಅದು, ಚಿತ್ರನ ಮನಸ್ಸಲ್ಲೇ ತಿರುಗಿಸಿ ನೋಡೋ ಟೆಸ್ಟಲ್ಲಿ ಗಂಡಸ್ರ ಸರಾಸರಿ ಜಾಸ್ತಿ, ಪದ ನೆನಪಿಟ್ಕೊಳ್ಳೋದ್ರಲ್ಲಿ ಹೆಂಗಸ್ರದ್ದು. ಹಾಗಂತ ಒಬ್ಬೊಬ್ರನ್ನ ಅಳೆಯೋಕಾಗಲ್ಲ, ಮಂಡೀಲಿ ಲೆಕ್ಕ ಯಾರು ಬರೀತಿದಾರೆ ನೋಡು. ಇನ್ನೊಂದು ತಮಾಷೆ, ಗಂಡಸ್ರ ಮೆದುಳಲ್ಲಿ ಟೆಸ್ಟೋಸ್ಟಿರಾನ್ ಒಂದಷ್ಟು ಈಸ್ಟ್ರೋಜನ್ನಾಗೇ ಬದ್ಲಾಗುತ್ತೆ. ಜೆಲ್ ವಿಷ್ಯ ಕೇಳ್ದೆಯಲ್ಲ, 65 ದಾಟಿ ಹಾರ್ಮೋನ್ ಕಮ್ಮಿ ಇದ್ದೋರಿಗೆ ಒಂದು ವರ್ಷ ಹಚ್ಚಿ ನೋಡಿದ್ರು, 2017ರಲ್ಲಿ ರಿಸಲ್ಟ್ ಬಂತು, ನೆನಪಿಗೆ ಏನೂ ಪ್ರಯೋಜನ ಆಗ್ಲಿಲ್ಲ. ಹೆಂಗಸ್ರ ಹಾರ್ಮೋನ್ ಮಾತ್ರೆದೂ ಹುಷಾರು, 65 ಮೇಲ್ಪಟ್ಟೋರಿಗೆ ಈಸ್ಟ್ರೋಜನ್ನು, ಪ್ರೊಜೆಸ್ಟಿನ್ ಅನ್ನೋ ಇನ್ನೊಂದು ಹಾರ್ಮೋನು ಸೇರಿಸಿ ಕೊಟ್ಟಾಗ ಡಿಮೆನ್ಶಿಯಾ, ಅಂದ್ರೆ ಮರೆಗುಳಿ ಕಾಯಿಲೆ ರಿಸ್ಕು ಸುಮಾರು ಎರಡು ಪಟ್ಟಾಯ್ತು ಅಂತ 2003ರಲ್ಲೇ ಬಂದಿತ್ತು. ಅಕ್ಕನ ವಯಸ್ಸಿಗೆ ಲೆಕ್ಕಾಚಾರ ಬೇರೆ, ಕಾವಿಗೆ ಅಂತ ಡಾಕ್ಟ್ರು ಕೊಡಬಹುದು, ಮೆಡಿಕಲ್ ಸ್ಟೋರಲ್ಲಿ ಕೇಳಿ ತಗೋಬೇಡಿ ಅಷ್ಟೇ.

ಮಂಡಿ ಅಕ್ಕ:
ನಾಳೆನೇ ರಕ್ತ ಕೊಡ್ತೀನಿ ಸಿಸ್ಟರ್. ಮೇಷ್ಟ್ರು ಬರ್ದಿದ್ದನ್ನ ನಮ್ಮನೆಯವ್ರಿಗೆ ಜೋರಾಗಿ ಓದಿ ಹೇಳ್ದೆ, ಏನೂ ಮಾತಾಡ್ಲಿಲ್ಲ, ಕೀ ಎಲ್ಲಿಟ್ಟೆ ಅಂತ ಹುಡುಕ್ತಾ ಇದಾರೆ.