ಅಳಗುಳಿ ಮನೆಯಲ್ಲಿ ಬರುವ ಲೆಕ್ಕ ಪುಸ್ತಕದಲ್ಲಿ ಏಕೆ ಬರುವುದಿಲ್ಲ?

ಪ್ರಶ್ನೆ: ಐದನೆಯ ತರಗತಿಯ ಶಿಕ್ಷಕಿ

ವಾರಕ್ಕೆ ಎರಡು ಗಣಿತದ ಅವಧಿಗಳನ್ನು ಅಳಗುಳಿ ಮನೆ (ಒಂದು ಗುಳಿಯ ಕಾಯಿಗಳನ್ನೆತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗುವ ಆಟ) ಮತ್ತು ಚೌಕಾಬಾರದ (ಕವಡೆ ಹಾಕಿ ಕಾಯಿ ನಡೆಸುವ ಆಟ) ಆಟಗಳಿಗೆ ಮೀಸಲಿಟ್ಟಿದ್ದೇನೆ. ಮೂರನೆಯ ತರಗತಿಯವರೆಗೆ ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿಯಲ್ಲಿ ಕಲಿತು ಬಂದ ಮಕ್ಕಳಾದ್ದರಿಂದ ಹುಮ್ಮಸ್ಸಿಗೆ ಕೊರತೆಯಿಲ್ಲ. ಆದರೆ ಯಾವ ಗುಳಿಯಿಂದ ಎತ್ತಿದರೆ ಹೆಚ್ಚು ಕಾಯಿ ಸಿಗುತ್ತದೆಂದು ಕ್ಷಣದಲ್ಲಿ ಹೇಳುವ ಹುಡುಗಿಯೇ, 31ನ್ನು 14ರಿಂದ ಭಾಗಿಸು ಎಂದರೆ ಪೆನ್ಸಿಲ್ ಕಚ್ಚುತ್ತ ಕೂರುತ್ತಾಳೆ. ಆಟದಿಂದ ಬರಹದ ಲೆಕ್ಕಕ್ಕೆ ದಾಟಿಸುವುದು ಹೇಗೆ?

ಉತ್ತರ: ನಿವೃತ್ತ ಮುಖ್ಯೋಪಾಧ್ಯಾಯರು

ಮೇಡಂ, ಆಡುವಾಗ ಆ ಹುಡುಗಿ ಭಾಗಿಸುತ್ತಿಲ್ಲ, ಕಣ್ಣಿನಲ್ಲೇ ಎಣಿಸುತ್ತಿದ್ದಾಳೆ. ಗುಳಿಯಲ್ಲಿ ಐದಾರು ಕಾಯಿಗಳಿರುವಾಗ ಅಷ್ಟೇ ಸಾಕಾಗುತ್ತದೆ. ಆದ್ದರಿಂದ ಎಣಿಕೆ ಸಾಲದಂತಹ ಸಂದರ್ಭವನ್ನು ನೀವೇ ಸೃಷ್ಟಿಸಬೇಕು. ಒಂದು ಗುಳಿಯಲ್ಲಿ ಬೇಕೆಂದೇ 31 ಕಾಯಿಗಳನ್ನಿಟ್ಟು, ಕೈ ಹಾಕುವ ಮೊದಲೇ ಕೊನೆಯ ಕಾಯಿ ಎಲ್ಲಿ ಬೀಳುತ್ತದೆಂದು ಬರೆದಿಡಲು ಹೇಳಿ. ಗುಳಿಗಳು 14, ಎರಡು ಸುತ್ತಿಗೆ 28 ಕಾಯಿಗಳು ಖರ್ಚಾಗಿ ಮೂರು ಉಳಿಯುತ್ತವೆ, ಕೊನೆಯದು ಎತ್ತಿದ ಗುಳಿಯ ಮುಂದಿನ ಮೂರನೆಯ ಗುಳಿಗೆ ಬೀಳುತ್ತದೆ. ಸುತ್ತುಗಳೇ ಭಾಗಲಬ್ಧ, ಉಳಿದದ್ದೇ ಶೇಷ.

ಎತ್ತಿದ ಗುಳಿಗೆ ಮತ್ತೆ ಕಾಯಿ ಹಾಕಬಾರದೆಂಬ ನಿಯಮ ಕೆಲವು ಮನೆಗಳಲ್ಲಿದೆ. ಹಾಗೆ ಆಡಿದರೆ ಒಂದು ಸುತ್ತಿಗೆ 13 ಗುಳಿಗಳೇ ಆಗಿ, ಅದೇ 31 ಕಾಯಿಗಳಲ್ಲಿ ಕೊನೆಯದು ಐದನೆಯ ಗುಳಿಗೆ ಹೋಗುತ್ತದೆ. ಭಾಜಕ ಬದಲಾದರೆ ಶೇಷ ಏಕೆ ಬದಲಾಗುತ್ತದೆ ಎಂಬುದನ್ನು ಇದಕ್ಕಿಂತ ಸುಲಭವಾಗಿ ತೋರಿಸುವ ಉಪಾಯ ನನಗಂತೂ ಸಿಕ್ಕಿಲ್ಲ.

ಉತ್ತರ: ಪ್ರೌಢಶಾಲೆಯ ಗಣಿತ ಶಿಕ್ಷಕ

ಚೌಕಾಬಾರದಲ್ಲಿಯೂ ಆಟಕ್ಕಿಂತ ದಾಖಲೆಯೇ ಹೆಚ್ಚು ಕಲಿಸುತ್ತದೆ. ನಾಲ್ಕು ಕವಡೆಗಳು ಅಂಗಾತವಾಗಿಯೂ ಬೋರಲಾಗಿಯೂ ಸಮಾನವಾಗಿ ಬೀಳುತ್ತವೆಂದು ಭಾವಿಸಿದರೆ, ಅವು ಬೀಳಬಹುದಾದ 16 ಬಗೆಗಳ ಪೈಕಿ ‘ಒಂದು’ ಎಂಬ ಗರ (ಅಂಗಾತ ಬಿದ್ದ ಕವಡೆಗಳ ಎಣಿಕೆ) ನಾಲ್ಕು ಬಗೆಗಳಲ್ಲಿ, ‘ಎರಡು’ ಆರರಲ್ಲಿ, ‘ಮೂರು’ ನಾಲ್ಕರಲ್ಲಿ ಬರುತ್ತವೆ. ‘ನಾಲ್ಕಕ್ಕೂ’, ಎಲ್ಲವೂ ಬೋರಲಾದಾಗ ಸಿಗುವ ‘ಎಂಟಕ್ಕೂ’ ಒಂದೊಂದೇ ಬಗೆ. 160 ಗರಗಳನ್ನು ಹಾಕಿ ಪಟ್ಟಿ ಮಾಡಿದರೆ ಒಂದು, ಎರಡು, ಮೂರು, ನಾಲ್ಕು, ಎಂಟು ಕ್ರಮವಾಗಿ 40, 60, 40, 10, 10ರ ಆಸುಪಾಸಿನಲ್ಲಿರಬೇಕು. ನಮ್ಮ ಮಕ್ಕಳು ಕಲ್ಲಿಗೆ ಉಜ್ಜಿ ಒಂದು ಬದಿ ಬೆಳ್ಳಗಾಗಿಸಿದ ಹುಣಸೆ ಬೀಜಗಳಿಂದ ಆಡಿದಾಗ ಲೆಕ್ಕ ಹೀಗೆ ಬರಲಿಲ್ಲ, ಮತ್ತು ಬೀಜದ ಎರಡು ಬದಿಗಳು ಸಮನಲ್ಲವೆಂಬುದನ್ನು ನಾನು ಹೇಳುವ ಮೊದಲೇ ಅವರು ವಾದಿಸತೊಡಗಿದರು.

ಉತ್ತರ: ಒಬ್ಬ ಪೋಷಕ

ಒಂದು ಎಚ್ಚರಿಕೆ: ನನ್ನ ಮಗ ನಿಧಾನಿ, ಚುರುಕಿನ ಮಕ್ಕಳೊಂದಿಗೆ ಕೂತಾಗ ಅವನ ಸರದಿಯ ಲೆಕ್ಕವನ್ನೂ ಅವರೇ ಹೇಳಿಬಿಡುತ್ತಾರೆ. ಎದುರಾಳಿ ಬಾಯಿ ಬಿಟ್ಟರೆ ಆ ಎದುರಾಳಿಯ ಸರದಿಯೇ ಹೋಗುವಂತೆ ನಿಯಮ ಮಾಡುವಿರಾ?

ಪ್ರಶ್ನೆ ಕೇಳಿದವರ ಮರುನುಡಿ

ಖಂಡಿತ ಮಾಡುತ್ತೇನೆ. 13 ಮತ್ತು 14ರ ವಿಷಯವಂತೂ ನನ್ನನ್ನು ನಾಚಿಸಿತು, ಏಕೆಂದರೆ ಎತ್ತಿದ ಗುಳಿಗೆ ಕಾಯಿ ಹಾಕಬೇಕೇ ಬೇಡವೇ ಎಂದು ಮಕ್ಕಳು ಪ್ರತಿ ವಾರ ಜಗಳವಾಡುತ್ತಿದ್ದರು, ಗದ್ದಲ ಬೇಡವೆಂದು ನಾನೇ ತೀರ್ಪು ಕೊಟ್ಟು ಮುಗಿಸುತ್ತಿದ್ದೆ.