ಬಾಸೆಲ್ ಮಿಷನ್ನಿನ ಶಿಕ್ಷಕರು ನಮ್ಮ ನಾಡಿನಲ್ಲಿ ದಿನನಿತ್ಯ ಹೇಗೆ ಬದುಕುತ್ತಿದ್ದರು?

ಪ್ರಶ್ನೆ: ಕಡಲತಡಿ

ಹತ್ತೊಂಬತ್ತನೆಯ ಶತಮಾನದಲ್ಲಿ ಕರಾವಳಿಗೂ ಧಾರವಾಡದ ಕಡೆಗೂ ಬಂದು ನೆಲೆಸಿದ, ಬಾಸೆಲ್ ಮಿಷನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯವರ ಬಗ್ಗೆ ಕನ್ನಡದಲ್ಲಿ ಬರೆದದ್ದು ಕಡಿಮೆಯೇನಲ್ಲ. ಆದರೆ ಹೆಚ್ಚಿನ ಬರಹಗಳಲ್ಲಿ ಮೊಗ್ಲಿಂಗ್ ಎಂದರೆ 1843ರ ‘ಮಂಗಳೂರು ಸಮಾಚಾರ’ ಪತ್ರಿಕೆ, ಕಿಟೆಲ್ ಎಂದರೆ 1894ರ ನಿಘಂಟು. ಅಲ್ಲಿಗೆ ಮಾತು ಮುಗಿಯುತ್ತದೆ. ಇವರಲ್ಲಿ ಅನೇಕರು ದಿನದ ಬಹುಪಾಲನ್ನು ಶಾಲೆಯಲ್ಲಿ ಕಳೆದವರು. ಹುಟ್ಟಿದ ಊರಿನಿಂದ ಸಾವಿರಾರು ಮೈಲಿ ದೂರದಲ್ಲಿ, ತಮ್ಮದಲ್ಲದ ಭಾಷೆಯಲ್ಲಿ ಪಾಠ ಹೇಳುತ್ತಿದ್ದ ಈ ಮೇಷ್ಟ್ರುಗಳ ದಿನಚರಿ ಹೇಗಿತ್ತು, ಸಂಬಳ ಸಾರಿಗೆಯ ವ್ಯವಸ್ಥೆ ಏನಿತ್ತು, ರಜೆ ಎಂಬುದು ಇತ್ತೇ, ಸಂಸಾರ ಹೇಗೆ ನಡೆಯುತ್ತಿತ್ತು ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ. ನಾನು ಪ್ರೌಢಶಾಲೆಯ ಶಿಕ್ಷಕ. ಮಕ್ಕಳಿಗಾಗಿ ಒಂದು ಲೇಖನ ಬರೆಯುವ ಉದ್ದೇಶವಿದೆ. ಮತಾಂತರದ ಕುರಿತ ವಾದವಿವಾದ ಇಲ್ಲಿ ಬೇಡ, ಅದಕ್ಕೆ ಬೇರೆ ಜಾಗಗಳಿವೆ.

ಉತ್ತರ: ಹಳೆಯ ಕಡತ

ಬಾಸೆಲ್ ಮಿಷನ್ 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಹುಟ್ಟಿದ ಸಂಸ್ಥೆ. ಬ್ರಿಟಿಷರಲ್ಲದ ಮಿಷನರಿಗಳಿಗೆ ಭಾರತದ ಬಾಗಿಲು ತೆರೆದದ್ದು 1833ರ ಚಾರ್ಟರ್ ಕಾಯ್ದೆಯಿಂದ. ಮರುವರ್ಷವೇ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಹಡಗಿನಿಂದಿಳಿದು, 1834ರ ಅಕ್ಟೋಬರ್ ಕೊನೆಯ ಹೊತ್ತಿಗೆ ಮಂಗಳೂರು ಸೇರಿದರು. ಹೀಗೆ ಬಂದವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ರೈತ ಮತ್ತು ಕುಶಲಕರ್ಮಿ ಮನೆತನಗಳ ಹುಡುಗರು. ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಓದಿದ್ದ ಮೊಗ್ಲಿಂಗ್‌ರಂಥವರು ಅಪವಾದ. ಅವರನ್ನೇ ಮಾದರಿಯಾಗಿ ಹಿಡಿದರೆ ಉಳಿದವರ ಬದುಕು ನಮಗೆ ಕಾಣದೆ ಹೋಗುತ್ತದೆ ಎಂಬುದನ್ನು ದಯವಿಟ್ಟು ಗಮನದಲ್ಲಿಡಿ.

ಅವರ ದಿನನಿತ್ಯದ ಬದುಕನ್ನು ತಿಳಿಯಬೇಕಾದರೆ ಮೊದಲು ‘ಕಮಿಟಿ’ಯನ್ನು ತಿಳಿಯಬೇಕು ಎಂಬುದು ನನ್ನ ಅಭಿಪ್ರಾಯ. ಬಾಸೆಲ್‌ನಲ್ಲಿ ಕುಳಿತ ಈ ಆಡಳಿತ ಮಂಡಳಿಯ ಅಪ್ಪಣೆಯಿಲ್ಲದೆ ಮಂಗಳೂರಿನಲ್ಲಾಗಲಿ ಧಾರವಾಡದಲ್ಲಾಗಲಿ ಯಾವ ಮಹತ್ವದ ಹೆಜ್ಜೆಯನ್ನೂ ಇಡುವಂತಿರಲಿಲ್ಲ. ಯಾವ ಊರಿನ ಮಿಷನ್ ಕೇಂದ್ರದಲ್ಲಿ ಇರಬೇಕು, ಶಾಲೆಗೆ ಕೊಠಡಿ ಕಟ್ಟಬಹುದೇ, ಊರಿಗೆ ಯಾವಾಗ ಹಿಂತಿರುಗಬಹುದು ಎಂಬುದೆಲ್ಲ ಪತ್ರ ಬರೆದು ಕೇಳಬೇಕಾದ ವಿಷಯಗಳು. ಯೂರೋಪಿನ ಕಡಲದಾರಿಯನ್ನು ಕಿರಿದಾಗಿಸಿದ ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ, ಆದ್ದರಿಂದ ಮೊದಲ ದಶಕಗಳಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಬರಲು ತಿಂಗಳುಗಳೇ ಹಿಡಿಯುತ್ತಿದ್ದವು. ಅಷ್ಟು ಹೊತ್ತಿಗೆ ಪ್ರಶ್ನೆಯೇ ಹಳಸಿರುತ್ತಿತ್ತು ಎಂದರೆ ತಪ್ಪಾಗಲಾರದು.

ನೀವು ಕೇಳಿದ ಸಂಬಳದ ವಿಷಯವೂ ಇದಕ್ಕೇ ಸೇರಿದ್ದು. ಅವರಿಗೆ ಸಿಗುತ್ತಿದ್ದುದು ದುಡಿಮೆಗೆ ತಕ್ಕ ಸಂಬಳವಲ್ಲ, ಜೀವನ ನಿರ್ವಹಣೆಗೆಂದು ನಿಗದಿಯಾದ ಭತ್ಯೆ. ಸ್ವಂತಕ್ಕೆ ವ್ಯಾಪಾರ ಮಾಡುವಂತಿಲ್ಲ, ಆಸ್ತಿ ಕೂಡಿಸುವಂತಿಲ್ಲ. ಆ ಹಣವಾದರೂ ಬರುತ್ತಿದ್ದುದು ಬಹುಮಟ್ಟಿಗೆ ಸಾಮಾನ್ಯ ಭಕ್ತರಿಂದ. 1855ರಿಂದ ಮನೆಮನೆಗೆ ಹೋಗಿ ವಾರಕ್ಕೆ ಒಂದು ಸಣ್ಣ ನಾಣ್ಯದಂತೆ ಚಂದಾ ಎತ್ತುವ ಪದ್ಧತಿಯನ್ನೇ ಮಿಷನ್ ಆರಂಭಿಸಿತ್ತು. ಹಾಗಾಗಿ ಶಾಲೆಯ ಕೆಲಸದ ಜೊತೆಗೆ, ಹಣ ಕೊಟ್ಟವರಿಗೂ ತಿಳಿಯುವಂತೆ ನಿಯತಕಾಲಕ್ಕೆ ವರದಿ ಬರೆದು ಕಳುಹಿಸುವುದೂ ಕರ್ತವ್ಯದ ಒಂದು ಭಾಗವಾಗಿತ್ತು.

ದಿನಚರಿಯ ವಿಷಯಕ್ಕೆ ಬರುವುದಾದರೆ, ಬೆಳಗಿನ ಪ್ರಾರ್ಥನೆ, ಬಿಸಿಲೇರುವ ಮುನ್ನ ಪಾಠ, ಬಿಡುವಿನಲ್ಲಿ ಭಾಷೆ ಕಲಿಸುವ ಮುನ್ಷಿಯ ಬಳಿ ಕುಳಿತು ತಮ್ಮ ಕನ್ನಡದ ಪಾಠ, ಸಂಜೆ ಬೀದಿಯಲ್ಲೋ ಸಂತೆಯಲ್ಲೋ ಧರ್ಮೋಪದೇಶ, ಇದು ಸಾಮಾನ್ಯ ಕ್ರಮ. ಕರಾವಳಿಯಲ್ಲಿ ಮಳೆಗಾಲ ಬಂತೆಂದರೆ ತಿರುಗಾಟ ನಿಂತು, ಭಾಷಾಂತರ, ಪಠ್ಯಪುಸ್ತಕಗಳ ಕೆಲಸಗಳಿಗೆ ಕೈಹಚ್ಚುತ್ತಿದ್ದರು. 1841ರಲ್ಲಿ ಮಂಗಳೂರಿಗೆ ಕಲ್ಲಚ್ಚಿನ ಮುದ್ರಣ ಬಂದ ಮೇಲೆ ಈ ಕೆಲಸ ಇನ್ನೂ ಹೆಚ್ಚಿತು. ಶಾಲೆಗೆ ಬೇಕಾದ ಪುಸ್ತಕವನ್ನು ತಾವೇ ಬರೆದು, ತಾವೇ ತಿದ್ದಿ, ತಾವೇ ಅಚ್ಚುಹಾಕಿಸಬೇಕಾಗಿತ್ತು. ಬೋರ್ಡಿಂಗ್ ಶಾಲೆಯ ಹೊಣೆ ಹೊತ್ತವರಿಗೆ ಮಾತ್ರ ಬಿಡುವೆಂಬುದೇ ಇರಲಿಲ್ಲ. 1836ರಲ್ಲಿ ಬಂದ ಮೊಗ್ಲಿಂಗ್ ಹುಡುಗರ ಜೊತೆಯಲ್ಲೇ ವಾಸಮಾಡಿ, ಪಾಠ, ಊಟ, ಕೈಕೆಲಸ, ಕಾಯಿಲೆ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದರು. ವಾರ್ಷಿಕ ರಜೆಯ ಮಾತೇ ಇಲ್ಲ. ಅವರು ಮೊದಲ ಸಲ ಯೂರೋಪಿಗೆ ಮರಳಿದ್ದು ಬಂದ ಹತ್ತು ವರ್ಷಗಳ ಮೇಲೆ, 1846ರಲ್ಲಿ.

ಉತ್ತರ: ಜೆಪ್ಪು ನಿವಾಸಿ

ಮೇಲಿನ ಉತ್ತರ ವಿವರವಾಗಿದೆ, ಆದರೆ ಅದರಲ್ಲಿ ಒಂದು ದೊಡ್ಡ ಕೊರತೆಯಿದೆ ಎಂದು ಹೇಳಬೇಕಾಗಿದೆ. ಮಿಷನ್ ಶಾಲೆಗಳಲ್ಲಿ ದಿನವಿಡೀ ಮಕ್ಕಳೆದುರು ನಿಂತು ಪಾಠ ಹೇಳಿದವರಲ್ಲಿ ಹೆಚ್ಚಿನವರು ಯೂರೋಪಿನವರಲ್ಲ, ಈ ನೆಲದ ಉಪಾಧ್ಯಾಯರು ಮತ್ತು ಉಪದೇಶಿಗಳು, ಅಂದರೆ ಧರ್ಮಬೋಧನೆ ಮಾಡುವ ಸ್ಥಳೀಯ ಸಹಾಯಕರು. ಒಬ್ಬ ಮಿಷನರಿಯ ಕೈಕೆಳಗೆ ಊರೂರುಗಳಲ್ಲಿ ಚದುರಿದ ಶಾಲೆಗಳಿರುತ್ತಿದ್ದವು; ಅವರು ಎತ್ತಿನ ಗಾಡಿಯಲ್ಲೋ ಕುದುರೆಯ ಮೇಲೋ ನಡೆದೋ ಹೋಗಿ ತನಿಖೆ ನಡೆಸಿ, ಮಕ್ಕಳನ್ನು ಪರೀಕ್ಷಿಸಿ, ಮುಂದಿನ ಊರಿಗೆ ಸಾಗುತ್ತಿದ್ದರು. 1854ರ ವುಡ್ ಶಿಕ್ಷಣ ನಿರೂಪದ ನಂತರ ಸರ್ಕಾರದ ಸಹಾಯಧನ ಪಡೆಯುವ ಕ್ರಮ ಬಂದು, ಇನ್ಸ್‌ಪೆಕ್ಟರರ ಭೇಟಿ, ಹಾಜರಿ ಪುಸ್ತಕ, ಫಲಿತಾಂಶಗಳ ಲೆಕ್ಕಾಚಾರಗಳೂ ಇವರ ತಲೆಯ ಮೇಲೆ ಬಿದ್ದವು. ಅಂದರೆ ಇಂದಿನ ಮುಖ್ಯೋಪಾಧ್ಯಾಯರ ಪಾಡೇ ಅವರದೂ. ನಿಮ್ಮ ಲೇಖನವನ್ನು ಓದುವ ಮಕ್ಕಳಿಗೆ ಬಿಳಿಯ ಮೇಷ್ಟ್ರೊಬ್ಬರೇ ಎಲ್ಲವನ್ನೂ ಮಾಡಿದರೆಂಬ ಭಾವನೆ ಬಾರದಂತೆ ನೋಡಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಮಾತು. ಮಂಗಳೂರಿನಲ್ಲಿ ಕನ್ನಡವೊಂದನ್ನೇ ಕಲಿತರೆ ಸಾಕಾಗುತ್ತಿರಲಿಲ್ಲ. ಶಾಲೆಯಲ್ಲಿ ಕನ್ನಡ, ಅಂಗಳಕ್ಕೆ ಇಳಿದರೆ ತುಳು, ಪೇಟೆಯಲ್ಲಿ ಕೊಂಕಣಿ, ಕಲೆಕ್ಟರರ ಕಚೇರಿಯಲ್ಲಿ ಇಂಗ್ಲಿಷ್. ಮನೆಗೆ ಬಂದರೆ ಜರ್ಮನ್. ಬ್ರಿಗೆಲ್ ಅವರ ತುಳು ವ್ಯಾಕರಣ 1872ರಲ್ಲಿಯೂ ಮ್ಯಾನರ್ ಅವರ ತುಳು ನಿಘಂಟು 1886ರಲ್ಲಿಯೂ ಹೊರಬಂದದ್ದರ ಹಿಂದೆ ಪಾಂಡಿತ್ಯದ ಹಂಬಲಕ್ಕಿಂತ ಈ ದಿನನಿತ್ಯದ ಅಗತ್ಯವೇ ಹೆಚ್ಚಾಗಿದ್ದಿರಬೇಕು ಎಂದು ನನಗನಿಸುತ್ತದೆ.

ಕಡಲತಡಿ

ಇಬ್ಬರಿಗೂ ಕೃತಜ್ಞತೆಗಳು. ಉಪಾಧ್ಯಾಯರ ವಿಷಯವನ್ನು ಖಂಡಿತ ಸೇರಿಸುತ್ತೇನೆ. ಸಂಸಾರದ ಬಗ್ಗೆ ಯಾರೂ ಹೇಳಲಿಲ್ಲವಲ್ಲ? ಮದುವೆಗೂ ಕಮಿಟಿಯ ಅಪ್ಪಣೆ ಬೇಕಾಗಿತ್ತೆಂದು ಎಲ್ಲೋ ಓದಿದ ನೆನಪು.

ಉತ್ತರ: ಬೆಟಗೇರಿ ಓದುಗಿ

ನೀವು ಓದಿದ್ದು ನಿಜ. ಮಿಷನರಿಯಾಗಿ ಹೊರಡುವವರು ಅವಿವಾಹಿತರಾಗಿಯೇ ಹೊರಡಬೇಕಿತ್ತು. ಸಾಮಾನ್ಯವಾಗಿ ಕೆಲಸದ ಸ್ಥಳದಲ್ಲಿ ಕನಿಷ್ಠ ಎರಡು ವರ್ಷ ಕಳೆದ ಮೇಲೆ ಮದುವೆಗೆ ಅನುಮತಿ ಕೋರಿ ಕಮಿಟಿಗೆ ಅರ್ಜಿ ಹಾಕಬಹುದಾಗಿತ್ತು. ಒಪ್ಪಿಗೆ ದೊರೆತರೆ ಯೂರೋಪಿನಿಂದ ವಧು ಹಡಗು ಹತ್ತಿ ಬರುತ್ತಿದ್ದಳು. ಅನೇಕ ವಧುಗಳು ವರನ ಮುಖವನ್ನು ಮೊದಲು ಕಂಡದ್ದೇ ಭಾರತದ ದಡದಲ್ಲಿ. ಹಿರಿಯರು ನೋಡಿ ಒಪ್ಪಿಸಿದ ಮದುವೆಗಳಿಗೆ ಒಗ್ಗಿದ ನಮ್ಮ ಮಕ್ಕಳಿಗೆ ಇದು ತೀರ ವಿಚಿತ್ರವೆಂದು ತೋರಲಿಕ್ಕಿಲ್ಲ. ಬಂದ ಕೂಡಲೇ ಆಕೆಗೂ ಕೆಲಸ ಕಾದಿರುತ್ತಿತ್ತು: ಹೆಣ್ಣುಮಕ್ಕಳ ಶಾಲೆ, ಹೊಲಿಗೆಯ ತರಗತಿ, ಬೋರ್ಡಿಂಗಿನ ಅಡುಗೆಮನೆಯ ಮೇಲ್ವಿಚಾರಣೆ, ಮನೆಗೆ ಬಂದ ರೋಗಿಗಳ ಆರೈಕೆ. ಇದಕ್ಕೆ ಪ್ರತ್ಯೇಕ ಸಂಬಳವಿಲ್ಲ, ವರದಿಗಳಲ್ಲಿ ಹೆಸರೂ ವಿರಳ.

ಸಾವು ಅವರ ಮನೆಗಳಿಗೆ ಹತ್ತಿರದ್ದೇ ಆಗಿತ್ತು. ಮೊಗ್ಲಿಂಗ್‌ರ ಬಂಧುವೂ ಸಹೋದ್ಯೋಗಿಯೂ ಆಗಿದ್ದ ವೈಗ್ಲೆ 1855ರಲ್ಲಿ ತೀರಿಕೊಂಡಾಗ, ಮರುವರ್ಷ ಅವರ ವಿಧವೆಯನ್ನು ಮೊಗ್ಲಿಂಗ್ ಮದುವೆಯಾದರು. ಕಿಟೆಲ್‌ರ ಮೊದಲ ಹೆಂಡತಿ ಪೌಲೀನೆ 1864ರಲ್ಲಿ ತೀರಿಹೋದ ಮೇಲೆ ಅವರು ವರಿಸಿದ್ದು ಆಕೆಯ ತಂಗಿ ಯೂಲಿಯನ್ನು. ಇಂಥ ಮದುವೆಗಳನ್ನು ಪ್ರೇಮಕಥೆಗಳೆಂದು ಓದುವುದಕ್ಕಿಂತ, ಮಕ್ಕಳನ್ನೂ ಮನೆಯನ್ನೂ ನಡೆಸುವ ದಾರಿಗಳೆಂದು ಓದಿದರೆ ಆ ಕಾಲ ಹೆಚ್ಚು ಅರ್ಥವಾಗುತ್ತದೆ.

ನನ್ನ ಮಟ್ಟಿಗೆ ಅತ್ಯಂತ ಕಠಿಣವಾದ ವಿಷಯ ಮಕ್ಕಳದು. ಇಲ್ಲಿನ ಹವೆ, ಜ್ವರ ಮತ್ತು ಶಾಲೆಗಳ ಕಾರಣ ಕೊಟ್ಟು, ಆರೇಳು ವರ್ಷ ತುಂಬುವ ಹೊತ್ತಿಗೆ ಮಕ್ಕಳನ್ನು ಯೂರೋಪಿಗೆ ಕಳುಹಿಸಿಬಿಡುತ್ತಿದ್ದರು. 1853ರಲ್ಲಿ ಕಮಿಟಿ ಇದನ್ನು ನಿಯಮವನ್ನಾಗಿಯೇ ಮಾಡಿ, ಅವರಿಗಾಗಿ ಬಾಸೆಲ್‌ನಲ್ಲಿ ನಿಲಯವನ್ನು ತೆರೆಯಿತು. ಪರದೇಶದ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ ದಂಪತಿಗಳ ಸ್ವಂತ ಮಕ್ಕಳು ಬೇರೆಯವರ ಕೈಯಲ್ಲಿ ಅಕ್ಷರ ಕಲಿತು, ತಂದೆತಾಯಿಯರನ್ನು ಪತ್ರಗಳ ಮೂಲಕ ಬಲ್ಲವರಾಗಿ ಬೆಳೆಯುತ್ತಿದ್ದರು. ಆ ನಿಯಮಕ್ಕೂ ಮೊದಲಿನ ಉದಾಹರಣೆ ಮರೀ ಗುಂಡರ್ಟ್. ಮಲಯಾಳಂ ವಿದ್ವಾಂಸ ಹರ್ಮನ್ ಗುಂಡರ್ಟ್ ಅವರ ಮಗಳಾದ ಈಕೆ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿ, ಚಿಕ್ಕವಯಸ್ಸಿನಲ್ಲೇ ಯೂರೋಪಿನಲ್ಲಿ ಉಳಿಯಬೇಕಾಗಿ ಬಂದು, ಮತ್ತೆ ಭಾರತಕ್ಕೆ ಬಂದದ್ದು 1857ರಲ್ಲಿ. ಮುಂದೆ ಆಕೆ ಮದುವೆಯಾದ ಯೊಹಾನೆಸ್ ಹೆಸ್ಸೆ ಕೂಡ ನಮ್ಮ ಕರಾವಳಿಯಲ್ಲಿ ಮಿಷನ್ ಸೇವೆ ಸಲ್ಲಿಸಿ, ಆರೋಗ್ಯ ಕೆಟ್ಟು ಕೆಲವೇ ವರ್ಷಗಳಲ್ಲಿ ಹಿಂತಿರುಗಿದವರು. ಅವರ ಮಗನೇ ಕಾದಂಬರಿಕಾರ ಹರ್ಮನ್ ಹೆಸ್ಸೆ. ನಿಮ್ಮ ಲೇಖನದಲ್ಲಿ ಈ ಮಕ್ಕಳಿಗೆ ಒಂದು ಪುಟ ಕೊಟ್ಟರೆ, ಅದೇ ವಯಸ್ಸಿನ ಓದುಗರಿಗೆ ನಿಘಂಟಿನ ಕಥೆಗಿಂತ ಅದು ಬೇಗ ತಟ್ಟೀತು.

ಉತ್ತರ: ಹಳೆಯ ಕಡತ

ಜೆಪ್ಪು ನಿವಾಸಿಯವರ ಆಕ್ಷೇಪವನ್ನು ಒಪ್ಪುತ್ತೇನೆ. ಅದಕ್ಕೆ ಪೂರಕವಾಗಿ ಆನಂದರಾವ್ ಕೌಂಡಿನ್ಯರನ್ನು ನೆನೆಯಬಹುದು. ಮಂಗಳೂರಿನ ಸಾರಸ್ವತ ಮನೆತನದ ಈ ಯುವಕ 1844ರಲ್ಲಿ ಕ್ರೈಸ್ತನಾದಾಗ ಊರಿನಲ್ಲಿ ದೊಡ್ಡ ಗಲಭೆಯೇ ಎದ್ದಿತು. 1846ರಲ್ಲಿ ಮೊಗ್ಲಿಂಗ್‌ರ ಜೊತೆ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಮಿಷನರಿಯಾಗಿಯೇ ಮರಳಿದ ಅವರು, ಮುಂದೆ ಮಂಗಳೂರಿನ ಸೆಮಿನರಿಯಲ್ಲಿ, ಅಂದರೆ ಧರ್ಮಬೋಧಕರನ್ನು ತಯಾರು ಮಾಡುವ ಶಾಲೆಯಲ್ಲಿ, ಪಾಠ ಹೇಳಿದರು. ಜರ್ಮನ್ ಯುವತಿಯೊಬ್ಬಳನ್ನು ಮದುವೆಯೂ ಆದರು. ಪರದೇಶದಲ್ಲಿ ಕಲಿತು ಸ್ವದೇಶದಲ್ಲಿ ಪರಕೀಯನಾಗಿ ಬದುಕಿದ ಆ ಶಿಕ್ಷಕನ ಬದುಕಿನ ಎದುರು ಉಳಿದವರ ಒಂಟಿತನ ಸುಲಭದ್ದೆಂದು ತೋರುತ್ತದೆ.

ಆಕರಗಳನ್ನು ಹುಡುಕುವಾಗ ಒಂದು ಎಚ್ಚರ ಇರಲಿ. ಅವರ ಪತ್ರಗಳೂ ವರದಿಗಳೂ ಬಾಸೆಲ್‌ನ ಪತ್ರಾಗಾರದಲ್ಲಿ ದಂಡಿಯಾಗಿ ಉಳಿದಿವೆ, ಆದರೆ ಹಳೆಯ ಕಾಗದಗಳಲ್ಲಿ ಬಹಳಷ್ಟು ಇಂದಿನ ಜರ್ಮನರಿಗೂ ಓದಲು ಕಷ್ಟವಾದ ಹಳೆಯ ಕೈಬರಹದಲ್ಲಿವೆ. ಅದಕ್ಕಿಂತ ಮುಖ್ಯವಾಗಿ, ಅವು ಮೇಲಧಿಕಾರಿಗಳಿಗೂ ಹಣ ಕೊಡುವ ಭಕ್ತರಿಗೂ ಬರೆದವು. ಬೇಸರ, ಜಗಳ, ಅಡುಗೆಯವನೊಡನೆಯ ತಕರಾರು ಇವು ವಾರ್ಷಿಕ ವರದಿಯಲ್ಲಿ ಸಿಗುವುದು ಅಪರೂಪ. ಗೆಳೆಯರಿಗೂ ಬಂಧುಗಳಿಗೂ ಬರೆದ ಖಾಸಗಿ ಕಾಗದಗಳಲ್ಲಿ ಹುಡುಕಬೇಕು.

ಲೇಖನವನ್ನು ಎಲ್ಲಿಗೆ ನಿಲ್ಲಿಸಬೇಕೆಂಬ ಪ್ರಶ್ನೆ ಬಂದರೆ 1914 ಸೂಕ್ತವೆಂದು ತೋರುತ್ತದೆ. ಆ ವರ್ಷ ಮಹಾಯುದ್ಧ ಆರಂಭವಾಗಿ, ಜರ್ಮನ್ ಪ್ರಜೆಗಳಾಗಿದ್ದ ಮಿಷನರಿಗಳು ಬ್ರಿಟಿಷ್ ಸರ್ಕಾರದ ಕಣ್ಣಿಗೆ ಶತ್ರುಗಳಾದರು. ಅನೇಕರನ್ನು ಅಹಮದ್‌ನಗರದ ಶಿಬಿರದಲ್ಲಿ ಕೂಡಿಹಾಕಿ, ಆಮೇಲೆ ಹಡಗಿನಲ್ಲಿ ಯೂರೋಪಿಗೆ ಸಾಗಿಸಲಾಯಿತು. ಶಾಲೆಗಳು ಮಾತ್ರ ಮುಚ್ಚಿಹೋಗಲಿಲ್ಲ. ಅವುಗಳ ತರಗತಿಗಳನ್ನು ನಡೆಸಿಕೊಂಡು ಹೋದವರು ಮೇಲೆ ಹೇಳಿದ ಇಲ್ಲಿನ ಉಪಾಧ್ಯಾಯರೇ.