ಡಿವೋರ್ಸ್ ಆಗಿ ಮರುಮದುವೆಯಾದ ಕ್ಯಾಥೊಲಿಕರಿಗೆ ಪರಮಪ್ರಸಾದದ ದಾರಿ ಪೂರ್ತಿ ಮುಚ್ಚಿದೆಯೇ?

ಹಳೇಚರ್ಚ್‌ರಸ್ತೆ ಕೇಳಿದ್ದು:

ಧರ್ಮಸಭೆಯ (ಕ್ಯಾಥೊಲಿಕ್ ಚರ್ಚಿನ) ನೈತಿಕ ಬೋಧನೆ ಒಪ್ಪಲಾಗದೆ ಮೊದಲು ಹಿಂದಿನ ಬೆಂಚಿಗೆ ಸರಿದು, ಆಮೇಲೆ ಬಲಿಪೂಜೆಗೇ (ಮಾಸ್) ಬರುವುದನ್ನು ಬಿಟ್ಟವರು ಎಲ್ಲ ಧರ್ಮಕೇಂದ್ರಗಳಲ್ಲೂ (ಪ್ಯಾರಿಷ್) ಇದ್ದಾರೆ. "ಡಿವೋರ್ಸ್ ಆದ್ರೆ ಬಹಿಷ್ಕಾರ", "ಮಕ್ಕಳಾಗದ ಆಪರೇಷನ್ ಮಾಡಿಸಿಕೊಂಡ್ರೆ ಸತ್ತಾಗ ಸ್ಮಶಾನದಲ್ಲೂ ಜಾಗ ಇಲ್ಲ" ಅಂತೆಲ್ಲ ಬಾಯಿಂದ ಬಾಯಿಗೆ ಹರಡಿದೆ. ಇದರಲ್ಲಿ ನಿಯಮ ಎಷ್ಟು, ಗಾಳಿಮಾತು ಎಷ್ಟು? ಮೊದಲ ಮದುವೆ ಅಸಿಂಧು, ಅಂದರೆ ಆರಂಭದಿಂದಲೇ ಊರ್ಜಿತವಲ್ಲ, ಅಂತ ಚರ್ಚಿನಿಂದ ಘೋಷಿಸಿಕೊಳ್ಳಲು ಏನೇನು ಕಾಗದ ಬೇಕು, ಎಷ್ಟು ಕಾಲ ಹಿಡಿಯುತ್ತದೆ, ಅರ್ಜಿ ಎಲ್ಲಿ ಎಡವುತ್ತದೆ? ಕೋರ್ಟಿನ ಡಿಕ್ರಿ ಇದ್ದರೆ ಸಾಲದೇ? ಉಪದೇಶ ಬೇಡ, ವಿಷಯ ತಿಳಿದವರು ಬರೆಯಿರಿ.

---

ಕಡತಪಾಲಕ:

ಮೊದಲು ಗಾಳಿಮಾತು. ಕೋರ್ಟಿನಲ್ಲಿ ಡಿವೋರ್ಸ್ ಆಯಿತು ಅಂತ ಯಾರಿಗೂ ಪರಮಪ್ರಸಾದ (ಬಲಿಪೂಜೆಯಲ್ಲಿ ಸ್ವೀಕರಿಸುವ ಕಮ್ಯುನಿಯನ್) ತಪ್ಪುವುದಿಲ್ಲ. ಡಿವೋರ್ಸ್ ಆಗಿ ಒಂಟಿಯಾಗಿ ಬದುಕುವವರಿಗೆ ಯಾವ ತಡೆಯೂ ಇಲ್ಲ. ತಡೆ ಬರುವುದು, ಮೊದಲ ಮದುವೆ ಧರ್ಮಸಭೆಯ ಲೆಕ್ಕದಲ್ಲಿ ಇನ್ನೂ ನಿಂತಿರುವಾಗ ಮತ್ತೊಂದು ಮದುವೆಯಾದರೆ. ಆಗಲೂ ಅದು ಬಹಿಷ್ಕಾರವಲ್ಲ. ಪೋಪರ 1981ರ ದಾಖಲೆ 'ಫಮಿಲಿಯಾರಿಸ್ ಕಾನ್ಸೋರ್ಸಿಯೋ'ದ 84ನೇ ಪ್ಯಾರಾದಲ್ಲಿ ಇವರು ಧರ್ಮಸಭೆಯಿಂದ ಬೇರ್ಪಟ್ಟವರಲ್ಲ, ಬಲಿಪೂಜೆಗೆ ಬರಬೇಕು ಎಂದೇ ಇದೆ. ಪೋಪ್ ಫ್ರಾನ್ಸಿಸ್ 2016ರಲ್ಲಿ ಅದನ್ನು ಇನ್ನೂ ಬಿಡಿಸಿ ಹೇಳಿದರು. ಮಕ್ಕಳ ಜ್ಞಾನಸ್ನಾನವನ್ನು ತಂದೆತಾಯಿಯ ಮದುವೆಯ ಕಾರಣಕ್ಕಷ್ಟೇ ನಿರಾಕರಿಸುವಂತಿಲ್ಲ. ಜ್ಞಾನತಂದೆ, ಜ್ಞಾನತಾಯಿ ಆಗಿ ನಿಲ್ಲಲು ಮಾತ್ರ ಸಾಮಾನ್ಯವಾಗಿ ಬಿಡುವುದಿಲ್ಲ.

ಈಗ ಅಸಿಂಧು ಘೋಷಣೆ. ಜನ ಇದನ್ನು ಚರ್ಚಿನ ಡಿವೋರ್ಸ್ ಅಂದುಕೊಂಡೇ ಅರ್ಜಿ ಕೆಡಿಸಿಕೊಳ್ಳುತ್ತಾರೆ. ಡಿವೋರ್ಸ್ ಕೇಳುವುದು ಸಂಸಾರ ಯಾಕೆ ಮುರಿಯಿತು ಎಂದು. ಟ್ರಿಬ್ಯೂನಲ್, ಅಂದರೆ ಚರ್ಚಿನ ನ್ಯಾಯಾಲಯ, ಕೇಳುವುದು ಪೀಠದ ಮುಂದೆ 'ಹೌದು' ಅಂದ ಆ ದಿನ ಆ ಒಪ್ಪಿಗೆ ನಿಜವಾದದ್ದಾಗಿತ್ತೇ ಎಂದು. ಹಾಗಾಗಿ "ಮದುವೆಯಾಗಿ 3 ವರ್ಷಕ್ಕೆ ಕುಡಿಯಲು ಶುರು ಮಾಡಿದರು" ಅನ್ನುವ ವಾಕ್ಯಕ್ಕೆ ಬೆಲೆ ಕಡಿಮೆ. "ನಿಶ್ಚಿತಾರ್ಥಕ್ಕೂ ಮೊದಲೇ 2 ಸಲ ಕುಡಿತ ಬಿಡಿಸುವ ಕೇಂದ್ರದಲ್ಲಿದ್ದರು, ಅದನ್ನು ಮುಚ್ಚಿಟ್ಟರು, ಡಿಸ್ಚಾರ್ಜ್ ಚೀಟಿ ಇದೆ" ಅನ್ನುವುದಕ್ಕೆ ಬೆಲೆ ಇದೆ. ಮದುವೆಯ ನಂತರದ ಅನೈತಿಕ ಸಂಬಂಧವೂ ತಾನಾಗಿಯೇ ಕಾರಣವಾಗದು. ಮದುವೆಯ ದಿನವೇ ನಿಷ್ಠೆಯನ್ನು ಮನಸ್ಸಿನಲ್ಲಿ ಹೊರಗಿಟ್ಟಿದ್ದರು ಎಂದು ತೋರಿಸಬೇಕು. ಅತ್ತೆಮನೆಯ ಕಿರುಕುಳವನ್ನೇ 20 ಪುಟ ಬರೆದು, ಮದುವೆಗೆ ಮುಂಚಿನ 6 ತಿಂಗಳ ಬಗ್ಗೆ ಅರ್ಧ ಪುಟವೂ ಇಲ್ಲದ ಅರ್ಜಿಗಳೇ ಹೆಚ್ಚು.

ಹೆಚ್ಚಾಗಿ ಎತ್ತುವ ಕಾರಣಗಳು (ಕ್ಯಾನನ್ ಅಂದರೆ ಧರ್ಮಸಭೆಯ ಕಾನೂನಿನ ಕಲಂ): ಕ್ಯಾನನ್ 1095 (ಮದುವೆಯ ಹೊಣೆ ಅರಿಯುವ ವಿವೇಚನೆಯಲ್ಲಿ ಗಂಭೀರ ಕೊರತೆ, ಅಥವಾ ಮಾನಸಿಕ ಕಾರಣದಿಂದ ಆ ಹೊಣೆ ಹೊರಲಾಗದ ಸ್ಥಿತಿ), 1098 (ಮೋಸ), 1101 (ಮಕ್ಕಳು ಬೇಡ ಅಥವಾ ನಿಷ್ಠೆ ಬೇಡ ಎಂದು ಒಳಗೇ ತೀರ್ಮಾನಿಸಿ ಬಾಯಲ್ಲಿ ಮಾತ್ರ ಒಪ್ಪಿದ್ದು), 1103 (ಬಲವಂತ, ಭಯ). ನಮ್ಮ ಕಡೆ ಮನೆಯವರೇ ನೋಡಿ ಮಾಡುವ ಮದುವೆಗಳಲ್ಲಿ 1098 ಮತ್ತು 1103 ಮುಖ್ಯ. "ಅಪ್ಪ ವಿಷ ಕುಡೀತೀನಿ ಅಂದಿದ್ದಕ್ಕೆ ಒಪ್ಪಿದೆ" ಎಂಬುದನ್ನು ಹೇಳಬಲ್ಲ ಸಾಕ್ಷಿ ಬೇಕು. ಮದುವೆಯಾದ ಮೇಲೆ ಪರಿಚಯವಾದ ಪಕ್ಕದ ಮನೆಯವರಿಂದ ಪ್ರಯೋಜನ ಕಡಿಮೆ; ಅಕ್ಕ, ಚಿಕ್ಕಪ್ಪ, ಕಾಲೇಜಿನ ಗೆಳತಿ, ಆಗಿನ ಧರ್ಮಗುರು ಇಂಥವರು 3ರಿಂದ 5 ಜನ ಇದ್ದರೆ ಸಾಕು.

ಕಾಗದ: ಸಾಮಾನ್ಯವಾಗಿ 6 ತಿಂಗಳೊಳಗೆ ಪಡೆದ ಜ್ಞಾನಸ್ನಾನದ ಪ್ರಮಾಣಪತ್ರ, ಚರ್ಚಿನ ಮದುವೆ ಪ್ರಮಾಣಪತ್ರ, ಕೋರ್ಟ್ ಡಿಕ್ರಿ ಅಥವಾ ಅರ್ಜಿಯ ಪ್ರತಿ, ವೈದ್ಯಕೀಯ ದಾಖಲೆ ಇದ್ದರೆ ಅದು, ಸಾಕ್ಷಿಗಳ ವಿಳಾಸ, ಎದುರು ಪಕ್ಷದ ಈಗಿನ ವಿಳಾಸ. ಜ್ಞಾನಸ್ನಾನದ ಪತ್ರ ಹೊಸದೇ ಯಾಕೆ ಅಂದರೆ, ಮದುವೆಯಾದಾಗ ಆ ವಿವರವನ್ನು ಹುಟ್ಟೂರಿನ ಜ್ಞಾನಸ್ನಾನದ ಪುಸ್ತಕದ ಅಂಚಿನಲ್ಲಿ ಬರೆದಿಡುತ್ತಾರೆ. 30 ವರ್ಷ ಹಿಂದಿನ ಪ್ರತಿಯಲ್ಲಿ ಆ ಅಂಚು ಖಾಲಿ ಇರುತ್ತದೆ. ಮುಂದೆ ತೀರ್ಪು ಬಂದಾಗ ಅದೂ ಅದೇ ಅಂಚಿನಲ್ಲಿ ಸೇರಬೇಕು. ಅದನ್ನು ಬರೆಸದೆ ಹೊಸ ಮದುವೆಗೆ ಹೋದರೆ ಕೊನೇ ವಾರದಲ್ಲಿ ಎಲ್ಲ ನಿಂತುಬಿಡುತ್ತದೆ.

ಅರ್ಜಿಯನ್ನು ಮದುವೆ ನಡೆದ ಧರ್ಮಪ್ರಾಂತ್ಯದಲ್ಲಿ (ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ), ಇಬ್ಬರಲ್ಲಿ ಒಬ್ಬರು ವಾಸವಿರುವಲ್ಲಿ, ಅಥವಾ ಹೆಚ್ಚಿನ ಸಾಕ್ಷ್ಯ ಸಿಗುವಲ್ಲಿ ಹಾಕಬಹುದು. ಮಂಗಳೂರಲ್ಲಿ ಮದುವೆಯಾಗಿ ಬೆಂಗಳೂರಲ್ಲಿ ನೆಲೆಸಿದವರಿಗೆ ಎರಡೂ ಬಾಗಿಲು ತೆರೆದಿದೆ. ಮದುವೆಯನ್ನು ಎತ್ತಿಹಿಡಿದು ವಾದಿಸಲು ಟ್ರಿಬ್ಯೂನಲ್‌ನಲ್ಲಿ ಒಬ್ಬರು ಇದ್ದೇ ಇರುತ್ತಾರೆ. ಅವರ ಪ್ರಶ್ನೆ ಚುಚ್ಚಿದರೆ ಅದು ವೈಯಕ್ತಿಕ ದ್ವೇಷವಲ್ಲ, ಅವರ ಕೆಲಸವೇ ಅದು. ಮೊದಲ ಹಂತ 1 ವರ್ಷ ಮೀರಬಾರದು ಎಂದು ಕ್ಯಾನನ್ 1453 ಹೇಳುತ್ತದೆ. ವಿಳಾಸ ತಪ್ಪು, ಸಾಕ್ಷಿ ಬರಲಿಲ್ಲ, ಮನಃಶಾಸ್ತ್ರಜ್ಞರ ವರದಿ ತಡ — ಹೀಗೆ ಮೀರುತ್ತದೆ. ಹಿಂದೆ ಎರಡು ನ್ಯಾಯಪೀಠಗಳು ಒಂದೇ ತೀರ್ಪು ಕೊಡಬೇಕಿತ್ತು. 2015ರ ಡಿಸೆಂಬರ್ 8ರಿಂದ ಒಂದೇ ಸಾಕು. ಅಪೀಲಿನ ಗಡುವು ಮುಗಿದರೆ ಜಾರಿ. ಇಬ್ಬರೂ ಒಪ್ಪಿದ್ದು ಸಾಕ್ಷ್ಯ ಕಣ್ಣಿಗೆ ಕಟ್ಟುವಂತಿದ್ದರೆ ಧರ್ಮಾಧ್ಯಕ್ಷರೇ (ಬಿಷಪ್) ತೀರ್ಮಾನಿಸುವ ಕಿರುದಾರಿಯೂ ಅದೇ ದಿನದಿಂದ ಬಂತು.

ಮಕ್ಕಳ ಬಗ್ಗೆ ಭಯ ಬೇಡ. ಮದುವೆ ಅಸಿಂಧು ಅಂದಮಾತ್ರಕ್ಕೆ ಮಕ್ಕಳು ಅನೌರಸರಾಗುವುದಿಲ್ಲ, ಕ್ಯಾನನ್ 1137.

---

ಕರಿಕೋಟು_ಕರಾವಳಿ:

ಮೇಲಿನವರು ಬಿಟ್ಟ ಕೋರ್ಟಿನ ಭಾಗ. ಟ್ರಿಬ್ಯೂನಲ್ ತೀರ್ಪಿಗೆ ಸರ್ಕಾರದ ಕಾನೂನಿನಲ್ಲಿ ಬೆಲೆಯಿಲ್ಲ. 1996ರಲ್ಲಿ ಮೋಲಿ ಜೋಸೆಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಗೆಂದಿತು. ಆ ತೀರ್ಪುಗಳಿಗೆ ಮಾನ್ಯತೆ ಕೊಡಿ ಎಂದು ಮಂಗಳೂರಿನ ವಕೀಲ ಕ್ಲಾರೆನ್ಸ್ ಪಾಯಸ್ ಹಾಕಿದ ಅರ್ಜಿ 2017ರ ಜನವರಿಯಲ್ಲಿ ವಜಾ ಆಯಿತು. ಚರ್ಚಿನ ಕಾಗದ ಮಾತ್ರ ಹಿಡಿದು ಎರಡನೇ ಮದುವೆಯಾದರೆ ದ್ವಿಪತ್ನಿತ್ವದ ಕೇಸು, ಮೇಲಾಗಿ ಎರಡನೇ ಹೆಂಡತಿಗೆ ಪಿಂಚಣಿ, ಆಸ್ತಿಯಲ್ಲಿ ತಕರಾರು.

ಆದ್ದರಿಂದ ಮೊದಲು ಕೋರ್ಟು. ಕ್ರೈಸ್ತರಿಗೆ 1869ರ ಡಿವೋರ್ಸ್ ಆಕ್ಟ್ ಅನ್ವಯ. ಇಬ್ಬರೂ ಒಪ್ಪಿದರೆ 2001ರ ತಿದ್ದುಪಡಿಯ 10ಎ ಕಲಂ. ಅದರ ಮೂಲ ಪಠ್ಯದಲ್ಲಿ 2 ವರ್ಷ ಬೇರೆ ವಾಸ ಎಂದಿದೆ. ಕೇರಳ ಹೈಕೋರ್ಟ್ 2010ರಲ್ಲಿ ಅದನ್ನು 1 ವರ್ಷ ಎಂದು ಓದಬೇಕೆಂದಿತು, ಕರ್ನಾಟಕ ಹೈಕೋರ್ಟಿನದೂ ಅದೇ ನಿಲುವು. ಅರ್ಜಿ ಹಾಕಿ 6 ತಿಂಗಳ ನಂತರ, 18 ತಿಂಗಳೊಳಗೆ ಇಬ್ಬರೂ ಮತ್ತೆ ಹಾಜರಾಗಬೇಕು. ಕೋರ್ಟಿನ ಪರಸ್ಪರ ಒಪ್ಪಿಗೆ ಅರ್ಜಿಯಲ್ಲಿ ವಕೀಲರು "ಹೊಂದಾಣಿಕೆ ಇಲ್ಲ" ಎಂದು ಒಂದು ಸಾಲು ಬರೆದು ಮುಗಿಸುತ್ತಾರೆ. ಟ್ರಿಬ್ಯೂನಲ್‌ಗೆ ಅದರಿಂದ ಏನೂ ಸಿಗುವುದಿಲ್ಲ. ಎರಡಕ್ಕೂ ಬೇರೆ ಬೇರೆ ಕಥನ ಬೇಕು, ಆದರೆ ಒಂದಕ್ಕೊಂದು ವಿರುದ್ಧ ಇರಕೂಡದು.

---

ತೆಂಕಣಗಾಳಿ:

ಇಷ್ಟೆಲ್ಲ ಯಾಕೆ ಸರ್? ಪೋಪ್ ಫ್ರಾನ್ಸಿಸರ 2016ರ ದಾಖಲೆ 'ಅಮೋರಿಸ್ ಲೆತೀಸಿಯಾ' ಬಂದ ಮೇಲೆ ಫಾದರ್ ಹತ್ತಿರ ಮಾತಾಡಿದರೆ ಮುಗಿಯಿತಲ್ಲ?

---

ಕಡತಪಾಲಕ:

ಮುಗಿಯಲಿಲ್ಲ. ಆ ದಾಖಲೆಯ 351ನೇ ಅಡಿಟಿಪ್ಪಣಿ ಹೇಳುವುದು ಕೆಲವು ಸಂದರ್ಭಗಳಲ್ಲಿ ಸಂಸ್ಕಾರಗಳ (ಪಾಪನಿವೇದನೆ, ಪರಮಪ್ರಸಾದ) ನೆರವೂ ಸಿಗಬಹುದು ಎಂದಷ್ಟೆ. ಬ್ಯೂನಸ್ ಐರಿಸ್ ಪ್ರಾಂತ್ಯದ ಧರ್ಮಾಧ್ಯಕ್ಷರು ಅದೇ ವರ್ಷ ಬರೆದ ವಿವರಣೆಯನ್ನು ಪೋಪ್ ಒಪ್ಪಿ ವ್ಯಾಟಿಕನ್‌ನ ಅಧಿಕೃತ ಸಂಚಿಕೆಯಲ್ಲಿ ಹಾಕಿಸಿದರು. ಅದರ ಕ್ರಮ ಹೀಗೆ: ಮೊದಲು ಸಂಯಮದ (ದೈಹಿಕ ಸಂಬಂಧವಿಲ್ಲದ) ಬದುಕು ಸಾಧ್ಯವೇ ನೋಡುವುದು; ಆಗದಿದ್ದರೆ, ಮುಖ್ಯವಾಗಿ ಅಸಿಂಧು ಘೋಷಣೆ ಸಿಗದವರ ವಿಷಯದಲ್ಲಿ, ಗುರುಗಳೊಂದಿಗೆ ಕೂತು ಒಬ್ಬೊಬ್ಬರ ಹೊಣೆಯನ್ನು ತೂಗುವುದು. ಮಕ್ಕಳಿದ್ದಾರೆಯೇ, ಮೊದಲ ಸಂಸಾರ ಉಳಿಸಲು ಏನು ಮಾಡಿದರು, ಕೈಬಿಟ್ಟ ಸಂಗಾತಿಯ ಗತಿ ಏನು ಎಂಬುದೆಲ್ಲ ಬರುತ್ತದೆ. ಎಲ್ಲರಿಗೂ ತೆರೆದ ಅನುಮತಿ ಅಲ್ಲ ಎಂದು ಅದರಲ್ಲೇ ಇದೆ. ಎಲ್ಲ ಧರ್ಮಪ್ರಾಂತ್ಯಗಳಲ್ಲೂ ಇದು ಒಂದೇ ರೀತಿ ನಡೆಯುತ್ತಿಲ್ಲ ಅನ್ನುವುದು ನಿಜವಾದ ಸಂಕಟ. ಒಂದು ಊರಲ್ಲಿ ಸಿಕ್ಕಿದ್ದು ವರ್ಗಾವಣೆಯಾಗಿ ಬಂದ ಹೊಸ ಗುರುಗಳ ಕೈಲಿ ತಪ್ಪಬಹುದು. ಟ್ರಿಬ್ಯೂನಲ್ ತೀರ್ಪು ಹಾಗೆ ಗುರುಗಳೊಂದಿಗೆ ಬದಲಾಗದು.

---

ಹಳೇಚರ್ಚ್‌ರಸ್ತೆ:

ಎದುರು ಪಕ್ಷದವರು ದುಬೈನಲ್ಲಿದ್ದು ಉತ್ತರವನ್ನೇ ಕೊಡದಿದ್ದರೆ? ಮತ್ತು ಈಗಿನ ಸಂಗಾತಿ ಹಿಂದೂ ಆಗಿದ್ದು ಚರ್ಚಿಗೆ ಬರಲು ಒಪ್ಪದಿದ್ದರೆ?

---

ಕಡತಪಾಲಕ:

ಮೌನ ಅಂದರೆ ತಡೆ ಅಲ್ಲ. ನೋಟಿಸ್ ಮುಟ್ಟಿ 15 ದಿನ ಅವಕಾಶ, ಬೇಕೆನಿಸಿದರೆ ಮತ್ತೊಮ್ಮೆ ನೋಟಿಸ್, ಆಮೇಲೆ ಅವರಿಲ್ಲದೆಯೇ ಮುಂದುವರಿಯುತ್ತದೆ. ನೋಟಿಸ್ ಮುಟ್ಟಿದ ದಾಖಲೆ ಮಾತ್ರ ಬೇಕೇ ಬೇಕು. ವಿಳಾಸ ಗೊತ್ತಿದ್ದೂ ಮುಚ್ಚಿಟ್ಟರೆ ಬಂದ ತೀರ್ಪೇ ಬಿದ್ದುಹೋಗಬಹುದು. ದುಬೈನಲ್ಲಿರುವ ಸಾಕ್ಷಿಯ ಹೇಳಿಕೆ ಪಡೆಯಲು ಅಲ್ಲಿನ ಕ್ಯಾಥೊಲಿಕ್ ಚರ್ಚ್ ಆಡಳಿತವಾದ ದಕ್ಷಿಣ ಅರೇಬಿಯಾ ವಿಕಾರಿಯೇಟಿನ ನೆರವು ಕೇಳಬಹುದು.

ಸಂಗಾತಿ ಬರದಿದ್ದರೆ, ತೀರ್ಪಿನ ನಂತರ ಕ್ಯಾನನ್ 1161ರ ದಾರಿ ಇದೆ. ಇಬ್ಬರ ಒಪ್ಪಿಗೆ ಇನ್ನೂ ಗಟ್ಟಿಯಿದ್ದರೆ, ರಿಜಿಸ್ಟರ್ ಮದುವೆಯನ್ನೇ ಬುಡದಿಂದ ಸಿಂಧುಗೊಳಿಸಬಹುದು. ಮತ್ತೆ ಪೀಠದ ಮುಂದೆ ನಿಲ್ಲುವ ಶಾಸ್ತ್ರ ಇಲ್ಲ. ಧರ್ಮಭೇದದ ವಿನಾಯಿತಿ ಬೇಕು. ಮಕ್ಕಳನ್ನು ಕ್ಯಾಥೊಲಿಕರಾಗಿ ಬೆಳೆಸಲು ಕೈಲಾದಷ್ಟು ಮಾಡುತ್ತೇನೆ ಎಂಬ ಮಾತನ್ನು ಕ್ಯಾಥೊಲಿಕ್ ಸಂಗಾತಿ ಕೊಡಬೇಕು. ಹಿಂದೂ ಸಂಗಾತಿ ಕೊಡಬೇಕಿಲ್ಲ.

---

ಮೂರನೆಬೆಂಚು:

ಆಪರೇಷನ್ ಪ್ರಶ್ನೆಗೆ ಯಾರೂ ಮುಟ್ಟಲಿಲ್ಲ. ಕ್ಯಾನನ್ 915 ಮತ್ತು 916 ಪಕ್ಕಪಕ್ಕ ಇಟ್ಟು ಓದಿ. 915 ಗುರುಗಳಿಗೆ: ಬಹಿರಂಗವಾದ ಗಂಭೀರ ಪಾಪದಲ್ಲಿ ಪಟ್ಟು ಹಿಡಿದು ನಿಂತವರಿಗೆ ಪ್ರಸಾದ ಕೊಡಬೇಡಿ. 916 ನಮಗೆ: ಗಂಭೀರ ಪಾಪದ ಅರಿವಿದ್ದರೆ ಪಾಪನಿವೇದನೆ ಮಾಡದೆ ಸ್ವೀಕರಿಸಬೇಡಿ. ಮರುಮದುವೆ ರಿಜಿಸ್ಟರಿನಲ್ಲಿದೆ, ಊರಿಗೆಲ್ಲ ಗೊತ್ತು, ಹಾಗಾಗಿ 915. ಗರ್ಭನಿರೋಧ ಮನೆಯೊಳಗಿನ ಮಾತು, ಹಾಗಾಗಿ 916. ಯಾವುದು ದೊಡ್ಡ ಪಾಪ ಎಂಬ ಲೆಕ್ಕವಲ್ಲ, ಯಾವುದು ಕಣ್ಣಿಗೆ ಕಾಣುತ್ತದೆ ಎಂಬ ಲೆಕ್ಕ. ಮರುಮದುವೆಯಾದವರಿಗೆ ಅನ್ಯಾಯ ಅನಿಸುವುದು ಇಲ್ಲಿಯೇ, ಮತ್ತು ಆ ಅನಿಸಿಕೆಯಲ್ಲಿ ತಪ್ಪಿಲ್ಲ.

ಟ್ಯೂಬೆಕ್ಟಮಿ (ಹೆಂಗಸರ ಸಂತಾನಹರಣ ಆಪರೇಷನ್) ಆದವರು ಪಾಪನಿವೇದನೆಯಲ್ಲಿ, ನಮ್ಮ ಕಡೆಯ ಮಾತಲ್ಲಿ ಕುಮ್ಸಾರಿನಲ್ಲಿ, ಹೇಳಿಕೊಂಡರೆ ಅಷ್ಟಕ್ಕೆ ಮುಗಿಯಿತು. ಅದನ್ನು ಮತ್ತೆ ಬಿಚ್ಚಿಸಿಕೊಳ್ಳಲೇಬೇಕು ಎಂದು ನೀತಿಶಾಸ್ತ್ರಜ್ಞರು ಸಾಮಾನ್ಯವಾಗಿ ಹೇಳುವುದಿಲ್ಲ. ಸ್ಮಶಾನದ ಮಾತು ಶುದ್ಧ ಸುಳ್ಳು.

ಕೃತಕ ಗರ್ಭನಿರೋಧ ಕೂಡದೆಂದ ಪೋಪರ 1968ರ ದಾಖಲೆ 'ಹ್ಯುಮಾನೆ ವೀತೆ'ಯನ್ನು ಒಪ್ಪದವರು ಪಾಷಂಡಿಗಳೂ ಅಲ್ಲ. ಪೋಪರೇ ನೇಮಿಸಿದ್ದ ಆಯೋಗದ ಬಹುಮತ 1966ರಲ್ಲಿ ಬದಲಾವಣೆಯ ಪರವಿತ್ತು. ಪೋಪ್ 6ನೇ ಪೌಲ್ ಒಪ್ಪಲಿಲ್ಲ. ಬೋಧನೆ ಅಧಿಕೃತವೇ, ಗೌರವದಿಂದ ಮನಸ್ಸಿಟ್ಟು ಆಲಿಸಬೇಕಾದದ್ದೇ. ಆದರೆ ಖಚಿತವಾದ ಆತ್ಮಸಾಕ್ಷಿಯನ್ನು ಪಾಲಿಸಬೇಕು ಎಂದು ಧರ್ಮೋಪದೇಶದ (ಕ್ಯಾಥೊಲಿಕ್ ಬೋಧನೆಯ ಅಧಿಕೃತ ಗ್ರಂಥ) 1790ನೇ ಪ್ಯಾರಾ ಹೇಳುತ್ತದೆ. ಆ ಸಾಕ್ಷಿ ತಪ್ಪಿರಲೂಬಹುದು ಎಂಬ ಮಾತೂ ಅಲ್ಲೇ ಇದೆ; ಅರ್ಧ ಓದಿ ನಿಲ್ಲಿಸಬೇಡಿ.

---

ಮ್ಯೂನಿಕ್‌ಮಳೆ:

ಜರ್ಮನಿಯಲ್ಲಿರುವವರಿಗೆ ಒಂದು ಎಚ್ಚರಿಕೆ. ಇಲ್ಲಿ ವಿಳಾಸ ನೋಂದಾಯಿಸುವಾಗ ಧರ್ಮದ ಕಾಲಂನಲ್ಲಿ ಕ್ಯಾಥೊಲಿಕ್ ಎಂದು ತುಂಬಿದರೆ ಆದಾಯ ತೆರಿಗೆಯ ಮೇಲೆ ಚರ್ಚ್ ತೆರಿಗೆ ಕಡಿತವಾಗುತ್ತದೆ. ಬವೇರಿಯಾ, ಬಾಡೆನ್-ವುರ್ಟೆಂಬರ್ಗ್‌ನಲ್ಲಿ 8%, ಉಳಿದೆಡೆ 9%. ಬೋಧನೆಯ ಮೇಲಿನ ಸಿಟ್ಟಿಗೋ ತೆರಿಗೆ ಉಳಿಸಲೋ ಸರ್ಕಾರಿ ಕಚೇರಿಯಲ್ಲಿ ಚರ್ಚು ಬಿಟ್ಟೆ ಎಂದು ಬರೆದುಕೊಟ್ಟರೆ, ಇಲ್ಲಿನ ಧರ್ಮಾಧ್ಯಕ್ಷರ 2012ರ ಆದೇಶದ ಪ್ರಕಾರ ಪ್ರಾಣಾಪಾಯದ ಹೊತ್ತು ಬಿಟ್ಟು ಸಂಸ್ಕಾರಗಳು ನಿಲ್ಲುತ್ತವೆ. ಚರ್ಚು ಬಿಟ್ಟಿದ್ದರಿಂದ ರಿಜಿಸ್ಟರ್ ಮದುವೆ ತಾನಾಗಿ ಸಿಂಧು ಆಗುವುದೂ ಇಲ್ಲ. ಹಾಗೊಂದು ವಿನಾಯಿತಿ ಮೊದಲು ಇತ್ತು, 2009ರಲ್ಲಿ ಹೊರಡಿಸಿದ ತಿದ್ದುಪಡಿ ಅದನ್ನು ತೆಗೆದುಹಾಕಿತು.

---

ಕಡತಪಾಲಕ:

ಒಂದು ಸೇರ್ಪಡೆ, ಮೇಲೆ ಬರೆಯಲು ಮರೆತೆ. ಕ್ಯಾಥೊಲಿಕರೊಬ್ಬರ ಮೊದಲ ಮದುವೆಯೇ ಧರ್ಮಸಭೆಯ ವಿನಾಯಿತಿ ಇಲ್ಲದೆ ಬರೀ ರಿಜಿಸ್ಟರ್ ಕಚೇರಿಯಲ್ಲಿ ಆಗಿದ್ದರೆ ಇಷ್ಟೆಲ್ಲ ವಿಚಾರಣೆ ಬೇಕಿಲ್ಲ. ವಿಧಿಯ ಕೊರತೆ ಎಂದು ಕಾಗದದ ಮೇಲೆಯೇ ತೀರುತ್ತದೆ. ಜ್ಞಾನಸ್ನಾನದ ಹೊಸ ಪತ್ರ, ರಿಜಿಸ್ಟರ್ ಪ್ರಮಾಣಪತ್ರ, ಕೋರ್ಟ್ ಡಿಕ್ರಿ, ಆಮೇಲೆಯೂ ಚರ್ಚಿನಲ್ಲಿ ಮದುವೆ ಆಗಿಲ್ಲ ಎಂದು ಹೇಳುವ ಇಬ್ಬರು — ಇವನ್ನು ಹಿಡಿದು ನೇರ ಧರ್ಮಕೇಂದ್ರದ ಕಚೇರಿಗೆ ಹೋಗಿ.